ಹೆಸರಿಗೆ ಮರುಳಾಗಿ ಕಾಲೇಜು ಸೇರಬೇಡಿ

ಪಿಯುಸಿ ಮುಗಿಸಿದ ಹುಡುಗಿ ಸೈಕಾಲಜಿ ಓದ್ತೀನಿ ಅಂದ್ರೆ ನೆಂಟರು ಕೇಳೋ ಮೊದಲ ಪ್ರಶ್ನೆ, "ಹಾಗಾದ್ರೆ ನನ್ನ ಮನಸ್ಸಲ್ಲೇನಿದೆ ಹೇಳು ನೋಡೋಣ?" ಎರಡನೇದು, "ಅದನ್ನ ಓದಿದ್ರೆ ಕೆಲಸ ಸಿಗುತ್ತಾ?" ಮೊದಲನೇದಕ್ಕೆ ನಕ್ಕು ಸುಮ್ಮನಾಗಬಹುದು. ಎರಡನೇದು ಹಾಗಲ್ಲ.

ನಮ್ಮ ಅಕ್ಕನ ಮಗಳಿಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋ ಹಟ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಮೂರು ವರ್ಷದ ಡಿಗ್ರಿ, ಹೆಸರಿನಲ್ಲೇ 'ಕ್ಲಿನಿಕಲ್ ಸೈಕಾಲಜಿ' ಅಂತಿದೆ. ಮುಗಿಸಿದ ಕೂಡಲೇ ಸ್ವಂತ ಕ್ಲಿನಿಕ್ ತೆರೀಬಹುದು ಅಂದ್ರಂತೆ ಅಲ್ಲಿನವರು. ಫೀಸು ಕೇಳಿ ಭಾವ ತೋಟದ ಮೇಲೆ ಸಾಲ ತೆಗೆಯೋ ಮಾತಾಡಿದ್ರು. ಆಗ ನಾನು ತಲೆ ಹಾಕಬೇಕಾಯ್ತು.

ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. 1992ರ ಕಾಯ್ದೆ ಅದು. ಮೂರು ವರ್ಷದ ಡಿಗ್ರಿಗೆ ಆ ನೋಂದಣಿ ಸಿಗೋದಿಲ್ಲ. ಬಹಳ ಕಾಲದಿಂದ ಇದ್ದ ದಾರಿ ಅಂದ್ರೆ ಡಿಗ್ರಿ, ಆಮೇಲೆ ಎಂ.ಎ. ಅಥವಾ ಎಂ.ಎಸ್ಸಿ., ಆಮೇಲೆ ನಿಮ್ಹಾನ್ಸ್‌ನಂಥ ಕಡೆ ಎರಡು ವರ್ಷದ ಎಂ.ಫಿಲ್. ಆ ಎಂ.ಫಿಲ್‌ಗೂ ಯುಜಿಸಿ 2024ರಲ್ಲಿ ಕೊಟ್ಟಿದ್ದು 2025-26ರ ತನಕದ ಅವಕಾಶ ಮಾತ್ರ. ಆರ್‌ಸಿಐನದೇ ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್ ಒಂದಿದೆ, ಆದರೆ ಅದು ಆರ್‌ಸಿಐ ಮಾನ್ಯತೆ ಇರೋ ಸಂಸ್ಥೆಗಳಲ್ಲಿ ಮಾತ್ರ. ಕಾಲೇಜು ತಾನೇ ಇಟ್ಟುಕೊಂಡ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ. ದೂರಶಿಕ್ಷಣದಲ್ಲಿ ಮಾಡೋಣ ಅಂದ್ರೆ, 2025ರಿಂದ ಸೈಕಾಲಜಿಗೆ ಯುಜಿಸಿ ಅದನ್ನೂ ನಿಲ್ಲಿಸಿದೆ.

ಅಂದ್ರೆ ಡಿಗ್ರಿ ಬರೀ ಅಡಿಪಾಯ. ಅಡಿಪಾಯಕ್ಕೆ ಹೆಸರು ಯಾಕೆ, ಗಟ್ಟಿ ಇದ್ದರೆ ಸಾಲದೇ? ಎರಡೂ ಕಡೆ ಹೋಗಿ ಮೂರೇ ಪ್ರಶ್ನೆ ಕೇಳು ಅಂದೆ. ಲ್ಯಾಬ್ ತೋರಿಸ್ತೀರಾ? ಪಾಠ ಮಾಡೋರು ಕಾಯಂ ಇದ್ದಾರಾ? ಸ್ಟಾಟಿಸ್ಟಿಕ್ಸ್ ಯಾರು ಕಲಿಸ್ತಾರೆ?

"ಲೆಕ್ಕ ಬೇಡ ಅಂತಾನೇ ಸೈಕಾಲಜಿ ತಗೋತಿರೋದು ಮಾಮ" ಅಂದಳು! 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೈಕಾಲಜಿ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರ ಓದಿದವರು, ಆ ಸ್ಪಿಯರ್‌ಮನ್ ಬುದ್ಧಿಶಕ್ತಿಯನ್ನೇ ಲೆಕ್ಕಕ್ಕೆ ಇಳಿಸಿದಾತ ಅಂತ ಹೇಳಿದೆ. ಮುಖ ಸಣ್ಣಗಾಯ್ತು.

ಬೆಂಗಳೂರಿನಲ್ಲಿ ಲ್ಯಾಬಿಗೆ ಬೀಗ, ಕೀಲಿ ಇದ್ದವರು ರಜೆ. ನಮ್ಮ ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಮೇಡಂ ಅವಳನ್ನೇ ಕೂರಿಸಿ, ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಮೇಲೆ ಪೆನ್ಸಿಲ್ ಓಡಿಸೋ ಪ್ರಯೋಗ ಮಾಡಿಸಿದ್ರಂತೆ. ಮೊದಲ ಸಲ ಕೈ ಎಲ್ಲೆಲ್ಲೋ ಹೋಯ್ತು. ಐದನೇ ಸಲಕ್ಕೆ ಹಿಡಿತಕ್ಕೆ ಬಂತು. "ನನ್ನ ಮಿದುಳು ಕಲಿಯೋದನ್ನ ನಾನೇ ನೋಡಿದೆ ಮಾಮ" ಅಂತ ರಾತ್ರಿ ಫೋನು!

ಅಲ್ಲೇ ಬಿ.ಎ. ಸೇರಿದ್ದಾಳೆ. ಗೆಳತಿಯರೆಲ್ಲ ಬೆಂಗಳೂರಿಗೆ ಹೋದ್ರು ಅನ್ನೋ ಬೇಜಾರು ಇನ್ನೂ ಇದೆ, ಸುಳ್ಳು ಯಾಕೆ ಹೇಳಲಿ. ಎಂ.ಎಸ್ಸಿ.ಗೆ ಎಷ್ಟು ದೂರ ಬೇಕಾದ್ರೂ ಕಳಿಸ್ತೀನಿ ಅಂತ ಭಾವ ಮಾತು ಕೊಟ್ಟಿದ್ದಾರೆ.

ನಿಮ್ಮ ಮನೇಲೂ ಸೈಕಾಲಜಿ ಅನ್ನೋ ಮಕ್ಕಳಿದ್ದರೆ ತಡೀಬೇಡಿ. ಫೀಸು ಕಟ್ಟೋ ಮುಂಚೆ ಲ್ಯಾಬಿನ ಬಾಗಿಲು ಮಾತ್ರ ತೆಗೆಸಿ ನೋಡಿ.