ತರಗತಿಯ ಸಹಾಯಕಿ

ಹೆಣ್ಣುಮಕ್ಕಳು ಮನೆಯ ಹೊರಗೆ ದುಡಿಯಬಹುದೇ ಎಂಬ ಚರ್ಚೆ ಮುಗಿದು ಬಹುಕಾಲವಾಯಿತು. ಈಗ ಉಳಿದಿರುವ ಪ್ರಶ್ನೆಯೆಂದರೆ, ಮಕ್ಕಳು ಶಾಲೆಯಿಂದ ಹಿಂದಿರುಗುವ ಹೊತ್ತಿಗೆ ಮನೆಯಲ್ಲಿ ಯಾರಿರಬೇಕು ಎಂಬುದು. ಈ ಪ್ರಶ್ನೆಗೆ ನಮ್ಮ ಮಗಳು ಪರದೇಶದಲ್ಲಿ ಕಂಡುಕೊಂಡ ಉತ್ತರವೊಂದನ್ನು, ಅದರ ಲಾಭನಷ್ಟಗಳ ಸಮೇತವಾಗಿ, ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ. ನಾವು ಮೂವತ್ತಕ್ಕೂ ಮಿಕ್ಕಿ ವರ್ಷ ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಶಾಲೆಯ ಮಾತು ಬಂದಲ್ಲಿ ನಮ್ಮ ಬರವಣಿಗೆ ತುಸು ಉದ್ದವಾದರೆ ವಾಚಕರು ಸಹಿಸಿಕೊಳ್ಳಬೇಕು.

ಮಗಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಪದವಿ ಪಡೆದು, ಬೆಂಗಳೂರಿನ ಔಷಧ ತಯಾರಿಕೆಯ ಪ್ರಯೋಗಶಾಲೆಯೊಂದರಲ್ಲಿ ಐದು ವರ್ಷ ಕೆಲಸ ಮಾಡಿದವಳು. ಅಳಿಯಂದಿರಿಗೆ 2021ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ದೊರೆತು, ಅವರು ಸಂಸಾರಸಮೇತ ಅಲ್ಲಿಗೆ ಹೋಗಿ ನೆಲಸಿದರು. ಅಳಿಯಂದಿರ ಪಾಳಿ ಹನ್ನೆರಡು ಗಂಟೆಯದು. ಒಮ್ಮೆ ಹಗಲು, ಒಮ್ಮೆ ರಾತ್ರಿ. ಮಕ್ಕಳ ಶಾಲೆಯಾದರೋ ಬೆಳಗ್ಗೆ ಒಂಬತ್ತಕ್ಕೆ ಕಾಲು ಗಂಟೆ ಮುಂಚೆ ತೆರೆದು ಮಧ್ಯಾಹ್ನ ಮೂರೂಕಾಲಕ್ಕೆ ಮುಗಿಯುವುದು. ಎದುರುಮನೆಯ ಅಜ್ಜಿಯ ವಶಕ್ಕೆ ಮಕ್ಕಳನ್ನು ಒಪ್ಪಿಸಿ ಹೋಗುವ ಪದ್ಧತಿ ಅಲ್ಲಿಲ್ಲ. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಗಳಿವೆ, ಆದರೆ ಎರಡು ಮಕ್ಕಳಿಗೆ ಶುಲ್ಕ ತೆತ್ತರೆ ದುಡಿದದ್ದರಲ್ಲಿ ದೊಡ್ಡ ಪಾಲು ಅಲ್ಲಿಗೇ ಸಂದುಹೋಗುವುದು. ಒಬ್ಬರ ಸಂಬಳದಲ್ಲಿ ಬಾಡಿಗೆ, ಚಳಿಗಾಲದ ಅನಿಲದ ಖರ್ಚು, ಊರಿಗೆ ಕಳುಹಿಸತಕ್ಕ ಹಣ ಎಲ್ಲವೂ ಸಾಗಬೇಕೆಂದರೆ ಅದೂ ಕಷ್ಟವೇ.

ಆಕೆ ಮೊದಲು ಸಂಬಳವಿಲ್ಲದೆಯೇ ಶಾಲೆಯೊಳಕ್ಕೆ ಕಾಲಿಟ್ಟಳು. 2022ರಲ್ಲಿ ಹಿರಿಯ ಮಗನ ಶಾಲೆಯಲ್ಲಿ ವಾರಕ್ಕೆರಡು ದಿನ ಚಿಕ್ಕ ಮಕ್ಕಳ ಪಕ್ಕದಲ್ಲಿ ಕುಳಿತು ಅವರು ಓದುವುದನ್ನು ಕೇಳುವ ಸ್ವಯಂಸೇವೆ ಅದು. ಮೂರು ವರ್ಷ ತುಂಬಿದ ಮಕ್ಕಳಿಗೆ ವಾರಕ್ಕೆ ಹದಿನೈದು ಗಂಟೆ ಉಚಿತ ಶಿಶುವಿಹಾರ ಅಲ್ಲಿರುವುದರಿಂದ ಕಿರಿಯವಳನ್ನು ಆ ವೇಳೆಗೆ ಅಲ್ಲಿ ಬಿಡಲು ಸಾಧ್ಯವಾಯಿತು. ಮಕ್ಕಳೊಡನೆ ಕೆಲಸ ಮಾಡತಕ್ಕವರ ಪೂರ್ವವೃತ್ತಾಂತವನ್ನು ಸರ್ಕಾರದ ದಾಖಲೆಗಳಲ್ಲಿ ಪರಿಶೀಲಿಸುವ ಕ್ರಮ ಆ ದೇಶದಲ್ಲಿ ಕಟ್ಟುನಿಟ್ಟಾಗಿದೆ, ಅದೂ ಆಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಕಿರಿಯವಳು ಶಾಲೆಗೆ ಸೇರಿದಳು. ಅದೇ ತಿಂಗಳು ತಾಯಿಯೂ ಅದೇ ಶಾಲೆಯ ಬೇರೊಂದು ತರಗತಿಗೆ ಸಹಾಯಕಿಯಾಗಿ ನೇಮಕಗೊಂಡಳು. ಆ ಹುದ್ದೆಯನ್ನು ಅಲ್ಲಿ ಟೀಚಿಂಗ್ ಅಸಿಸ್ಟೆಂಟ್ ಎಂದು ಕರೆಯುವರು. ಅದಕ್ಕೆ ಕಾನೂನು ವಿಧಿಸಿದ ಪದವಿಯೇನೂ ಇಲ್ಲ. ಇಂಗ್ಲಿಷಿನಲ್ಲಿಯೂ ಗಣಿತದಲ್ಲಿಯೂ ತಕ್ಕ ಮಟ್ಟಿನ ತೇರ್ಗಡೆಯನ್ನು ಶಾಲೆಗಳು ಸಾಮಾನ್ಯವಾಗಿ ಅಪೇಕ್ಷಿಸುತ್ತವೆ.

ಈ ಸುದ್ದಿ ಊರಿಗೆ ಬಂದಾಗ ನಮ್ಮ ಮನೆಯವರು, "ಎಂ.ಎಸ್ಸಿ. ಓದಿಸಿದ್ದು ಕಂಡವರ ಮಕ್ಕಳ ಮೂಗು ಒರೆಸೋದಕ್ಕೇನ್ರೀ?" ಎಂದು ಕೇಳಿದರು. ಬಂಧುಗಳಲ್ಲಿ ಕೆಲವರು ಬಾಯಿಬಿಟ್ಟು ಹೇಳದಿದ್ದರೂ ಅದನ್ನೇ ಯೋಚಿಸಿದರು. ಆದಕಾರಣ ಈ ಹುದ್ದೆಯ ಪೂರ್ವೋತ್ತರವನ್ನು ಸ್ವಲ್ಪ ವಿವರಿಸುವುದು ಅವಶ್ಯ.

ಉಪಾಧ್ಯಾಯನಿಗೆ ತರಗತಿಯಲ್ಲಿ ಸಹಾಯಕರು ಬೇಕೆಂಬ ವಿಚಾರ ಇಂಗ್ಲೆಂಡಿಗೆ ಹೋದ ದಾರಿಗಳಲ್ಲೊಂದು ನಮ್ಮ ನೆರೆಯ ಮದರಾಸಿನಿಂದ ಹೊರಟಿತೆಂಬುದು ಅನೇಕರಿಗೆ ತಿಳಿದಿರಲಾರದು. ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಲ್ಲಿ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾದನು. ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದನ್ನು ಕಂಡು ಆತನು ಅದನ್ನು ತನ್ನ ಶಾಲೆಯಲ್ಲಿ ತಂದನು. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವ ಏರ್ಪಾಡನ್ನೂ ಮಾಡಿ, ಅದರ ವರದಿಯನ್ನು 1797ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದನು. ನಮ್ಮ ಕನ್ನಡ ನಾಡಿನ ಕೂಲಿಮಠಗಳನ್ನು ಕುರಿತು ಹಿರಿಯರಿಂದ ಕೇಳಿದವರಿಗೆ ಇದರಲ್ಲಿ ಹೊಸತೇನೂ ತೋರದು. ಅಲ್ಲಿಯೂ ಮರಳು ಇತ್ತು, ಕಿರಿಯರಿಗೆ ಹೇಳಿಕೊಡುವ ಹಿರಿಯ ಹುಡುಗನೂ ಇದ್ದನು.

ಈಗಿನ ಸಹಾಯಕಿಯರ ಹುದ್ದೆ ಬೆಳೆದದ್ದು ತೀರ ಈಚೆಗೆ. ಪ್ರಾಥಮಿಕ ಶಾಲೆಗಳನ್ನು ಕುರಿತ ಪ್ಲೌಡನ್ ವರದಿ 1967ರಲ್ಲಿ ಉಪಾಧ್ಯಾಯರಿಗೆ ಸಹಾಯಕರಿರಬೇಕೆಂದೂ, ತಂದೆತಾಯಿಗಳು ಶಾಲೆಗೆ ಹತ್ತಿರವಾಗಬೇಕೆಂದೂ ಸೂಚಿಸಿತು. ಕಲಿಕೆಯಲ್ಲಿ ವಿಶೇಷ ತೊಡಕುಳ್ಳ ಮಕ್ಕಳು ಸಾಧ್ಯವಾದಷ್ಟೂ ಸಾಮಾನ್ಯ ಶಾಲೆಯಲ್ಲಿಯೇ ಕಲಿಯಬೇಕೆಂದು 1981ರ ಶಾಸನವಾದ ಮೇಲೆ, ಅವರ ಪಕ್ಕದಲ್ಲಿ ಕುಳಿತುಕೊಳ್ಳತಕ್ಕವರು ಬೇಕಾದರು. 2003ರಲ್ಲಿ ಉಪಾಧ್ಯಾಯರ ಹೊರೆಯನ್ನು ಇಳಿಸುವುದಕ್ಕಾಗಿ ಸರ್ಕಾರವೂ ವೃತ್ತಿಸಂಘಗಳೂ ಮಾಡಿಕೊಂಡ ಒಪ್ಪಂದದಿಂದ ಅವರ ಸಂಖ್ಯೆ ಇನ್ನೂ ಹೆಚ್ಚಿತು. 2023ರ ನವೆಂಬರಿನ ಗಣತಿಯಂತೆ, ಪೂರ್ಣಕಾಲದ ಲೆಕ್ಕಕ್ಕೆ ತಂದರೆ, ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ 2,80,000ಕ್ಕೂ ಮೇಲ್ಪಟ್ಟು ಸಹಾಯಕರಿದ್ದರು. ಅವರಲ್ಲಿ ಹೆಂಗಸರೇ ಬಹಳ.

ನಾವು ದಂಪತಿಗಳು 2025ರಲ್ಲಿ ಆರು ತಿಂಗಳ ಮಟ್ಟಿಗೆ ಮಗಳ ಮನೆಗೆ ಹೋಗಿದ್ದೆವು. ಹೊರಗಿನವರಿಗೆ ಅಲ್ಲಿನ ಶಾಲೆಯ ಬಾಗಿಲು ಸುಲಭವಾಗಿ ತೆರೆಯದು. ಮೊಮ್ಮಕ್ಕಳನ್ನು ಕರೆತರಲು ನಾವು ಗೇಟಿನ ಬಳಿ ನಿಂತದ್ದೇ ಹೊರತು ತರಗತಿಯನ್ನು ಕಂಡಿಲ್ಲ. ಮಗಳು ಹೇಳಿದಷ್ಟೇ ನಮ್ಮ ಆಧಾರ. ಆಕೆಯೂ ಯಾವ ಮಗುವಿನ ಹೆಸರನ್ನೂ ಮನೆಯಲ್ಲಿ ಎತ್ತುತ್ತಿರಲಿಲ್ಲ. ಗೇಟಿನಲ್ಲಿ ಬೇರೆ ತಾಯಂದಿರು ಸ್ನೇಹದಿಂದ ಕೇಳಿದರೂ, "ಟೀಚರನ್ನೇ ಕೇಳಿ" ಎಂದು ನಕ್ಕು ಬಂದುಬಿಡುತ್ತಿದ್ದಳು. ತನ್ನ ಮಕ್ಕಳು ಓದುವ ಶಾಲೆಯಲ್ಲಿಯೇ ಕೆಲಸ ಮಾಡುವ ತಾಯಿಗೆ ಈ ಬಾಯಿಕಟ್ಟು ಮೊದಲನೆಯ ಪಾಠ.

ಎರಡನೆಯ ಪಾಠ ಇದಕ್ಕಿಂತ ಕಠಿನವಾದದ್ದು. ಆಕೆಯ ಮೇಜಿನ ಬಳಿ ಇಂಗ್ಲಿಷ್ ಬಾರದ ಹುಡುಗನೊಬ್ಬನು ಬಂದು ಸೇರಿದನಂತೆ. ಮೊದಮೊದಲು ಆಕೆ ಅವನು ತಡವರಿಸಿದಾಗಲೆಲ್ಲ ಪದವನ್ನು ತಾನೇ ಹೇಳಿಕೊಟ್ಟು ಪುಟವನ್ನು ಮುಗಿಸಿಸುತ್ತಿದ್ದಳು. ತರಗತಿಯ ಉಪಾಧ್ಯಾಯಿನಿ ಆಕೆಯನ್ನು ಪಕ್ಕಕ್ಕೆ ಕರೆದು, ಹತ್ತು ಎಣಿಸುವವರೆಗೆ ಸುಮ್ಮನಿದ್ದು ನೋಡೆಂದು ಹೇಳಿದರಂತೆ. "ಅಪ್ಪ, ಉತ್ತರ ನಾಲಗೆ ತುದೀಲಿ ಇರುತ್ತೆ. ಅದನ್ನ ನುಂಗಿಕೊಂಡು ಕೂತಿರೋದೇ ನನ್ನ ಕೆಲಸ" ಎಂದಳು ಮಗಳು.

ಈ ಮಾತಿಗೆ ಶಾಸ್ತ್ರಾಧಾರವೂ ಇದೆ, ಪರೀಕ್ಷೆಯ ಆಧಾರವೂ ಇದೆ. ಲಂಡನ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಹಲವು ವರ್ಷ ಶಾಲೆಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸಹಾಯಕರ ನೆರವು ಹೆಚ್ಚಾಗಿ ದೊರೆತ ಮಕ್ಕಳು ಅವರಂತೆಯೇ ಇದ್ದ ಇತರ ಮಕ್ಕಳಿಗಿಂತ ಕಡಮೆ ಮುಂದುವರಿದರೆಂದು ತಿಳಿಯಬಂದಿತು. ಅವರು ದೋಷವನ್ನು ಸಹಾಯಕರ ಮೇಲೆ ಹೊರಿಸಲಿಲ್ಲ. ಉಪಾಧ್ಯಾಯರೊಡನೆ ಕುಳಿತು ಪಾಠವನ್ನು ಮುಂಚಿತವಾಗಿ ತಿಳಿಯಲು ಸಹಾಯಕರಿಗೆ ಸಮಯ ಕೊಡದಿರುವುದು, ಕಲಿಯುವುದಕ್ಕಿಂತ ಪುಟ ಮುಗಿಯುವುದೇ ಮುಖ್ಯವಾಗುವುದು, ಇವುಗಳನ್ನು ಕಾರಣವೆಂದರು. ಇನ್ನು ಶಾಸ್ತ್ರದ ಮಾತು. ಸಂಸ್ಕೃತದಲ್ಲಿ ಸಹಾಯ ಎಂಬ ಶಬ್ದಕ್ಕೆ ಜೊತೆಯಲ್ಲಿ ಹೋಗುವವನು ಎಂದರ್ಥ. ಸಹ ಎಂದರೆ ಜೊತೆ, ಅಯ ಎಂದರೆ ಹೋಗುವುದು. ಹೊತ್ತುಕೊಂಡು ಹೋಗುವವನೆಂಬ ಅರ್ಥ ಅದಕ್ಕಿಲ್ಲ. ಹೊತ್ತುಕೊಂಡರೆ ಮಗು ನಡೆಯಲು ಕಲಿಯದು. ಮೂಗು ಒರೆಸುವ ಕೆಲಸವೇನೋ ಇದರಲ್ಲಿ ಉಂಟು, ಆದರೆ ಕೆಲಸದ ಸಾರ ಇದು, ಎಂ.ಎಸ್ಸಿ. ಓದಿದವಳಿಗೂ ಇದರಲ್ಲಿ ಕಲಿಯತಕ್ಕದ್ದು ಸಾಕಷ್ಟಿದೆ ಎಂದು ನಾವು ನಮ್ಮ ಮನೆಯವರಿಗೆ ಹೇಳಿದೆವು. ಅವರು, "ಅದೆಲ್ಲ ಸರಿ, ಸಂಬಳ ಎಷ್ಟು?" ಎಂದರು.

ಪ್ರಶ್ನೆ ನ್ಯಾಯವಾದದ್ದು. ಸಂಬಳದ ಲೆಕ್ಕವನ್ನು ಇಂತಹ ಕೆಲಸ ಹುಡುಕುವ ಪ್ರತಿಯೊಬ್ಬ ತಾಯಿಯೂ ತಂದೆಯೂ ಬರೆದು ನೋಡಬೇಕು. 2025ರ ಏಪ್ರಿಲಿನಿಂದ ಅಲ್ಲಿ ಇಪ್ಪತ್ತೊಂದು ವರ್ಷ ತುಂಬಿದವರಿಗೆ ಕಾನೂನಿನ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡು, ಸಹಾಯಕಿಯ ಆರಂಭದ ವೇತನ ಅದಕ್ಕಿಂತ ತುಸುವೇ ಮೇಲಿತ್ತು. ಜಾಹೀರಾತಿನಲ್ಲಿ ಅಚ್ಚಾಗುವುದು ಬಹುಶಃ ಪೂರ್ಣಕಾಲದ ವಾರ್ಷಿಕ ಮೊತ್ತ. ವಾರಕ್ಕೆ 37 ಗಂಟೆಯಂತೆ 52 ವಾರಕ್ಕೆ ಅದು 1,924 ಗಂಟೆಯ ಸಂಬಳ. ಮಗಳ ಕೆಲಸವಾದರೋ ವಾರಕ್ಕೆ 30 ಗಂಟೆ, ವರ್ಷಕ್ಕೆ ಶಾಲೆ ನಡೆಯುವ 39 ವಾರ. ಅದರ ಮೇಲೆ ನ್ಯಾಯವಾಗಿ ಸೇರುವ ಸಂಬಳದ ರಜೆಯನ್ನು ಕೂಡಿಸಿದರೆ ಸುಮಾರು 45 ವಾರ, ಅಂದರೆ 1,350 ಗಂಟೆ. ನೂರು ಎಂದು ಅಚ್ಚಾದದ್ದು ಎಪ್ಪತ್ತಾಗಿ ಕೈಸೇರುವುದು. ಇದನ್ನು ಹನ್ನೆರಡು ಸಮಭಾಗ ಮಾಡಿ ತಿಂಗಳು ತಿಂಗಳು ಕೊಡುವುದರಿಂದ, ಬೇಸಿಗೆ ರಜೆಯಲ್ಲಿಯೂ ಹಣ ಬರುವುದನ್ನು ಕಂಡು ಹೊರಗಿನವರು ರಜೆಗೂ ಸಂಬಳವೆಂದು ಭ್ರಮಿಸುವರು. ಸ್ಥಳೀಯ ಸರ್ಕಾರಗಳ ನೌಕರರ ಪಿಂಚಣಿ ಯೋಜನೆಗೆ ಸೇರಿಸಿಕೊಳ್ಳುತ್ತಾರೆಂಬುದು ಒಂದು ಸಮಾಧಾನ. ಆದರೆ ಸಣ್ಣ ಸಂಬಳದ ಪಿಂಚಣಿಯೂ ಸಣ್ಣದೇ.

ನಾವು ಅಲ್ಲಿದ್ದಾಗಲೇ ಪ್ರಯೋಗಶಾಲೆಯೊಂದರಿಂದ ಮಗಳಿಗೆ ಕರೆ ಬಂದಿತು. ಸಂಬಳ ಎರಡರಷ್ಟಕ್ಕಿಂತ ಹೆಚ್ಚು. ಬೆಳಗ್ಗೆ ಏಳಕ್ಕೆ ಮನೆ ಬಿಟ್ಟು ಸಂಜೆ ಆರೂವರೆಗೆ ಹಿಂದಿರುಗಬೇಕು. ಮೂರು ರಾತ್ರಿ ಮನೆಯಲ್ಲಿ ಅದೇ ಮಾತು. ನಮ್ಮ ಮನೆಯವರು ಒಪ್ಪಿಕೊ ಎಂದರು. ಒಂಬತ್ತು ವರ್ಷದ ಮೊಮ್ಮಗ ತಾನು ತಂಗಿಯನ್ನು ನೋಡಿಕೊಳ್ಳುವೆನೆಂದನು. ಅಳಿಯಂದಿರು "ನಿನ್ನಿಷ್ಟ" ಎಂದರು. ಆಗ ಮಗಳು ಹೇಳಿದ ಮಾತು ಇಲ್ಲಿ ಬರೆಯತಕ್ಕದ್ದು: "ನನ್ನಿಷ್ಟ ಅಂತ ಬಿಟ್ಟುಬಿಟ್ರೆ ನಷ್ಟಾನೂ ನನ್ನದೇ ಆಗುತ್ತೆ. ಮೂರೂಕಾಲಕ್ಕೆ ಮನೇಲಿ ನಾನಿರೋದು ಮನೆಗೆಲ್ಲಾ ಬೇಕು. ಅದಕ್ಕೆ ಕಡಮೆ ಆಗೋ ಸಂಬಳ ಮಾತ್ರ ಯಾಕೆ ನನ್ನೊಬ್ಬಳದು?"

ನಾವು ಕಾಗದ ತೆಗೆದು ಮೇಲಿನ ಲೆಕ್ಕವನ್ನು ಅಳಿಯಂದಿರ ಮುಂದೆ ಬರೆದೆವು. ಅವರು ಸಮಾಧಾನದಿಂದ ಓದಿದರು. ಓದಿ ತಾವೇ ಕೆಳಗೆ ಇನ್ನೊಂದು ಸಾಲು ಬರೆದರು. ಪ್ರತಿ ತಿಂಗಳೂ ತಮ್ಮ ಸಂಬಳದಿಂದ ಇಂತಿಷ್ಟು ಹಣ ಆಕೆಯ ಹೆಸರಿನ ಖಾತೆಗೆ ಹೋಗತಕ್ಕದ್ದು; ಪಾಳಿಯಿಲ್ಲದ ದಿನಗಳ ಅಡಿಗೆಯೂ ಮಕ್ಕಳ ಸಂಜೆಯೂ ತಮ್ಮದು; ಆ ಸಂಜೆಗಳಲ್ಲಿ ಆಕೆ ತನ್ನ ವಿದ್ಯೆಯನ್ನು ಮರೆಯದಂತೆ ಓದಿಕೊಳ್ಳಬೇಕು. ಆಕೆ ಪ್ರಯೋಗಶಾಲೆಗೆ ಸದ್ಯಕ್ಕೆ ಒಲ್ಲೆನೆಂದು ಬರೆದಳು. ಕಿರಿಯವಳು ಹತ್ತು ದಾಟಿದ ಮೇಲೆ ಪ್ರಯೋಗಶಾಲೆಯೋ, ಉಪಾಧ್ಯಾಯಿನಿಯಾಗಲು ಬೇಕಾದ ಶಿಕ್ಷಣವೋ, ಆಗ ನೋಡಬೇಕು. ಉಪಾಧ್ಯಾಯಿನಿಯಾದರೆ ಸಂಬಳ ಹೆಚ್ಚುವುದು, ಸಂಜೆಗಳು ಪುಸ್ತಕ ತಿದ್ದುವುದರಲ್ಲಿ ಹೋಗುವುವು. ಇದನ್ನು ನಮಗಿಂತ ಚೆನ್ನಾಗಿ ಬಲ್ಲವರಾರು?

ಸಂಸಾರಕ್ಕೆ ಹೊಂದುವ ಕೆಲಸವೆಂದು ಹೇಳುವಾಗ ಹೊಂದಿಕೊಳ್ಳುವವರು ಯಾರು ಎಂಬುದನ್ನು ವಾಚಕರು ವಿಚಾರಿಸಿ ನೋಡಬೇಕೆಂದು ನಮ್ಮ ವಿನಂತಿ. ಈ ಮಾತು ಇಂಗ್ಲೆಂಡಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಮಕ್ಕಳ ಗಂಟೆಗೆ ತನ್ನ ಗಂಟೆಯನ್ನು ಹೊಂದಿಸಿಕೊಂಡು ನಮ್ಮ ಊರಿನ ಖಾಸಗಿ ಶಾಲೆಗಳಲ್ಲಿ ಅಲ್ಪ ಸಂಬಳಕ್ಕೆ ದುಡಿಯುವ ತಾಯಂದಿರಿಗೂ ಸಲ್ಲುವುದು. ಸಂಪಾದನೆಯಲ್ಲಿ ಕೊರತೆಯಾದ ಭಾಗವನ್ನು ಮನೆಯವರೆಲ್ಲರೂ ಅನುಭವಿಸುತ್ತಿರುವ ಸೌಕರ್ಯದ ಬೆಲೆಯೆಂದು ತಿಳಿದು, ಎಲ್ಲರೂ ಸೇರಿ ತೆರತಕ್ಕದ್ದು ಧರ್ಮ. ತರಗತಿಯಲ್ಲಿ ಮಗುವಿನ ಜೊತೆ ನಡೆಯುವವಳಿಗೆ ಮನೆಯಲ್ಲಿಯೂ ಜೊತೆ ನಡೆಯುವವರು ಬೇಕು.