ಕೀಳುವ ಹುಲ್ಲು, ನೆಡುವ ಹುಲ್ಲು

ಪಾಲೋ ಆಲ್ಟೋದ ಅರಾಸ್ಟ್ರಡೇರೋ ಗುಡ್ಡ, ಶನಿವಾರ ಬೆಳಿಗ್ಗೆ. ಗ್ರಾಸ್‌ರೂಟ್ಸ್ ಇಕಾಲಜಿ ಸಂಸ್ಥೆಯ ಸ್ವಯಂಸೇವಕರು ಮಂಡಿಯೂರಿ ಹುಲ್ಲು ಕೀಳುತ್ತಿದ್ದಾರೆ. ಅವರ ಪಕ್ಕದಲ್ಲೇ ಇನ್ನೂ ಕೆಲವರು ಹುಲ್ಲು ನೆಡುತ್ತಿದ್ದಾರೆ! ನನ್ನ ಕಣ್ಣಿಗೆ ಎರಡೂ ಒಂದೇ. "ಅಪ್ಪಾ, ಆ ಕಡೆ ಕಾಲಿಡಬೇಡಿ, ನೆಟ್ಟಿರೋದು ಅಲ್ಲೇ" ಎಂದಳು ಮಗಳು.

—

ನೆಡುತ್ತಿರುವುದು ಪರ್ಪಲ್ ನೀಡಲ್‌ಗ್ರಾಸ್. 2004ರಿಂದ ಕ್ಯಾಲಿಫೋರ್ನಿಯಾದ ರಾಜ್ಯಹುಲ್ಲು. ನಮ್ಮ ಕರ್ನಾಟಕಕ್ಕೆ ರಾಜ್ಯಪಕ್ಷಿ ಇದೆ, ರಾಜ್ಯವೃಕ್ಷ ಇದೆ. ಹುಲ್ಲಿಗೂ ಆ ಮರ್ಯಾದೆ ಕೊಡಬಹುದೆಂದು ಯಾರಿಗೂ ಏಕೆ ಹೊಳೆಯಲಿಲ್ಲವೋ.

—

ಬೇಸಿಗೆಯಲ್ಲಿ ಈ ಗುಡ್ಡಗಳೆಲ್ಲ ಹೊಂಬಣ್ಣ. ಎಲ್ಲರೂ ಫೋಟೋ ತೆಗೆಯುವ ಆ ಬಣ್ಣ ಬಹುಪಾಲು ಮೆಡಿಟರೇನಿಯನ್ ಕಡೆಯಿಂದ ಬಂದ, ಒಂದೇ ವರ್ಷ ಬದುಕುವ ಹುಲ್ಲುಗಳದ್ದು. 18ನೇ ಶತಮಾನದಲ್ಲಿ ಸ್ಪೇನಿನವರು ದನಕರು ತಂದಾಗ ಜೊತೆಗೇ ಬಂದವು. ಇಲ್ಲಿಯ ಮೂಲ ಹುಲ್ಲು ಬುಡ ಕಟ್ಟಿಕೊಂಡು, ಬೇರನ್ನು ಆಳಕ್ಕಿಳಿಸಿ, ವರ್ಷಾನುಗಟ್ಟಲೆ ಬದುಕುತ್ತದೆ. ಒಂದು ಬುಡಕ್ಕೂ ಇನ್ನೊಂದಕ್ಕೂ ನಡುವೆ ಬರಿ ನೆಲ ಉಳಿಯುತ್ತದೆ. ಪಾಪಿ, ಲೂಪಿನ್ ಹೂಗಳು ಏಳುವುದು ಆ ಸಂದಿಯಲ್ಲಿ. ಹೊರಗಿನಿಂದ ಬಂದ ಹುಲ್ಲು ಆ ಸಂದಿಯನ್ನೇ ಮುಚ್ಚಿಬಿಡುತ್ತದೆ. ಹಾಗಾದರೆ ಇವರು ಉಳಿಸಲು ಹೊರಟಿರುವುದು ಹುಲ್ಲನ್ನೋ, ಹುಲ್ಲುಗಳ ನಡುವಿನ ಜಾಗವನ್ನೋ?

—

ಬೀಜವನ್ನು ಆದಷ್ಟೂ ಇದೇ ಗುಡ್ಡಗಳಿಂದ ಆಯ್ದು, ಫುಟ್‌ಹಿಲ್ಸ್ ಪಾರ್ಕಿನ ನರ್ಸರಿಯಲ್ಲಿ ಸಸಿ ಮಾಡುತ್ತಾರೆ. ಅದೇ ಜಾತಿಯ ಹುಲ್ಲಾದರೂ ದೂರದ ಜಿಲ್ಲೆಯದು ಬೇಡ. ಅಂದಹಾಗೆ, 2020ರ ಡಿಸೆಂಬರ್‌ವರೆಗೆ ಆ ಪಾರ್ಕಿಗೆ ಪಾಲೋ ಆಲ್ಟೋ ನಿವಾಸಿಗಳು ಮತ್ತು ಅವರ ಅತಿಥಿಗಳ ಹೊರತು ಬೇರೆಯವರಿಗೆ ಪ್ರವೇಶವಿರಲಿಲ್ಲ. ಬೀಜದ ಮೇಲಿನ ನಿರ್ಬಂಧ ನನಗೆ ಅರ್ಥವಾಗುತ್ತದೆ. ಮನುಷ್ಯರ ಮೇಲಿನದು ಅರ್ಥವಾಗಲಿಲ್ಲ, ತೆಗೆದದ್ದು ಒಳ್ಳೆಯದಾಯಿತು.

—

ಪಕ್ಕದ ಊರು ಲಾಸ್ ಆಲ್ಟೋಸ್. ನಗರಸಭೆಯ ಕಟ್ಟಡದ ಸುತ್ತಲೇ ಏಪ್ರಿಕಾಟ್ ತೋಟ. ಗಿಲ್ಬರ್ಟ್ ಸ್ಮಿತ್ ಎಂಬಾತ 1901ರಲ್ಲಿ ಜಾಗ ಕೊಂಡು ಬೆಳೆಸಿದ್ದು. ಈ ಊರುಗಳಿರುವ ಇಡೀ ಕಣಿವೆ ಏಪ್ರಿಕಾಟ್, ಪ್ರೂನ್, ಚೆರಿಯಿಂದ ತುಂಬಿದ್ದ ಕಾಲದ ಉಳಿಕೆ ಇದು. ಆಮೇಲೆ ತೋಟಗಳೆಲ್ಲ ಮನೆ, ಕಂಪನಿಗಳಾದವು. ಇಲ್ಲಿ ಹಳೆಯ ಮರ ಸತ್ತರೆ ಹೊಸ ಸಸಿ ಇಟ್ಟು ಸಾಲನ್ನು ಕಾಪಾಡುತ್ತಾರೆ. ಆದರೆ ಏಪ್ರಿಕಾಟ್ ಏಷ್ಯಾದ ಮರ! ಗುಡ್ಡದ ಮೇಲೆ ಪರದೇಶದ್ದನ್ನು ಕೀಳುತ್ತಾರೆ, ಕೆಳಗೆ ಪರದೇಶದ್ದಕ್ಕೇ ನೀರೆರೆಯುತ್ತಾರೆ. ಏಪ್ರಿಕಾಟ್ ನೆಟ್ಟಲ್ಲೇ ನಿಲ್ಲುತ್ತದೆ, ಕಾಡು ಓಟ್ಸ್‌ನಂಥ ಪರದೇಶದ ಹುಲ್ಲು ನಿಲ್ಲುವುದಿಲ್ಲ. ವ್ಯತ್ಯಾಸ ಇಷ್ಟೇ ಇರಬಹುದೇ? ಹಾಗೆಯೇ ಹಬ್ಬುವ ಸ್ಟಾರ್ ಥಿಸಲ್ ಎಂಬ ಹಳದಿ ಹೂವಿನ ಮುಳ್ಳುಗಿಡವನ್ನು ನೆನೆದರೆ ಈ ಲೆಕ್ಕವೂ ತಪ್ಪುತ್ತದೆ. ಅದು ಕುದುರೆಗೆ ವಿಷ, ಜೇನ್ನೊಣಕ್ಕೆ ಹಬ್ಬ.

—

ಹಿಂದೆ ಈ ಗುಡ್ಡಗಳ ಹುಲ್ಲುಗಾವಲನ್ನು ಇಲ್ಲಿಯ ಮೂಲನಿವಾಸಿಗಳಾದ ಓಲೋನಿ ಜನ ಬೆಂಕಿಯಿಂದ ಸಾಕುತ್ತಿದ್ದರು. 1793ರಲ್ಲಿ ಸ್ಪೇನಿನ ಗವರ್ನರ್ ಅರಿಯಾಗ ಹಾಗೆ ಬೆಂಕಿ ಹಾಕುವುದನ್ನು ನಿಷೇಧಿಸಿದ. 1850ರಲ್ಲಿ ಕ್ಯಾಲಿಫೋರ್ನಿಯಾದ ಕಾನೂನೂ ನಿಷೇಧಿಸಿತು. ಇದನ್ನು ಓದುತ್ತಿದ್ದಂತೆ ಬಿಳಿಗಿರಿರಂಗನ ಬೆಟ್ಟ ಕಣ್ಣೆದುರು ಬಂತು. ಅಲ್ಲಿ ಸೋಲಿಗರು ವರ್ಷದ ಆರಂಭದಲ್ಲೇ ತರಗು ಬೆಂಕಿ ಹಾಕುತ್ತಿದ್ದರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು, ಲಂಟಾನ ಹಬ್ಬಿತು. ನೆಲ್ಲಿಮರಕ್ಕೆ ಹತ್ತುವ ಬಂದಳಿಕೆಯನ್ನೂ ಆ ಬೆಂಕಿಯೇ ಹದ್ದುಬಸ್ತಿನಲ್ಲಿಡುತ್ತಿತ್ತು ಎನ್ನುತ್ತಾರೆ ಸೋಲಿಗ ಹಿರಿಯರು. ಅವರ ಮಾತನ್ನು ನಾವು ಇನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲ ಎಂಬುದು ನನ್ನ ಸಂಕಟ.

—

ಬೆಂಕಿ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಿದ್ದ ಕೆಲಸವನ್ನು ಅರಾಸ್ಟ್ರಡೇರೋದಲ್ಲಿ ಕೈಗಳು ವರ್ಷವಿಡೀ ಮಾಡುತ್ತಿವೆ. ಒಟ್ಟು 622 ಎಕರೆ ಗುಡ್ಡ. ಶಾಲೆಯ ಮಕ್ಕಳು, ನಿವೃತ್ತರು, ಕಂಪನಿ ಹುಡುಗರು. ಕಿತ್ತ ಜಾಗಕ್ಕೆ ಮುಂದಿನ ಮಳೆಗೆ ಅದೇ ಕಳೆ ಮತ್ತೆ ಬರುತ್ತದೆ, ಇವರೂ ಬರುತ್ತಾರೆ. ಬರುವ ವಾರ ನನಗೂ ಒಂದು ಜೊತೆ ಕೈಗವಸು ಕೇಳಬೇಕು.