ಮೊದಲು ಬಾಯಿಗೆ, ಆಮೇಲೆ ಕಾಲಿಗೆ

ಉಡುಪಿಯಿಂದ ಮಣಿಪಾಲದ ಬಸ್ಸು ಹತ್ತಿದರೆ ನಡುವೆ ಇಂದ್ರಾಳಿ ಸಿಗುತ್ತದೆ. ಅಲ್ಲಿನ ಯಕ್ಷಗಾನ ಕೇಂದ್ರಕ್ಕೆ ದೂರದ ದೇಶದಿಂದ ಯಾರಾದರೂ ಕಲಿಯಲು ಬಂದರೆ, ಅವರನ್ನು ಅಲ್ಲಿಯವರೆಗೆ ಎಳೆದು ತಂದದ್ದು ಬಹುಮಟ್ಟಿಗೆ ಬಣ್ಣವೇ. ಕೇದಗೆ ಮುಂದಲೆ, ಎದೆಪದಕ, ರಾಕ್ಷಸನ ಮುಖವರ್ಣಿಕೆ ಇವುಗಳ ಚಿತ್ರ ನೋಡಿಯೇ ಅವರು ಮರುಳಾಗಿರುತ್ತಾರೆ. ಕಲಿಕೆ ಶುರುವಾದಾಗ ಮಾತ್ರ ಬಣ್ಣವೂ ಇಲ್ಲ, ಗೆಜ್ಜೆಯೂ ಇಲ್ಲ. ಇರುವುದು ತಾಳ ಒಂದೇ.

ತ್ರಿವುಡೆಯನ್ನೇ ನೋಡಿ. ಏಳು ಅಕ್ಷರದ ತಾಳ. ಮೂರು, ಎರಡು, ಎರಡು ಎಂದು ಒಡೆದು ಕೈಯಲ್ಲಿ ಹಾಕಬೇಕು. ನಾಲ್ಕರ ಎಣಿಕೆಯ ಹಾಡು ಕೇಳಿಯೇ ಬೆಳೆದ ಕಿವಿಗೆ ಏಳು ಮುಗಿದಲ್ಲಿ ಏನೋ ಬಾಕಿ ಉಳಿದಂತೆ ಅನ್ನಿಸುತ್ತದೆ. ಕೈ ತಾನಾಗಿ ಎಂಟನೆಯ ಪೆಟ್ಟು ಹಾಕಿಬಿಡುತ್ತದೆ. ಅಷ್ಟರಲ್ಲಿ ಎದುರಿಗೆ ಕೂತವರು ಮುಂದಿನ ಸುತ್ತಿಗೆ ಹೋಗಿಯಾಗಿರುತ್ತದೆ. ಝಂಪೆಗೆ ಹತ್ತು, ಅಷ್ಟಕ್ಕೆ ಹದಿನಾಲ್ಕು. ಇವೆಲ್ಲ ಬಾಯಿತಾಳದಲ್ಲಿ ತಪ್ಪದೆ ಬಂದ ಮೇಲೆ ಹೆಜ್ಜೆ. ಹೆಜ್ಜೆ ಕೂತ ಮೇಲೆ ಅಭಿನಯ. ವೇಷ ಎಲ್ಲದರ ಕೊನೆಗೆ. ಮೊದಲ ಕೆಲವು ತಿಂಗಳು ಹೀಗೆಯೇ ಹೋಗುತ್ತವೆ. ಹಾಗೆ ಹೋಗುವುದೇ ಸರಿ.

ಈ ದಾರಿಯಲ್ಲಿ ಬಹಳ ಮೊದಲೇ ನಡೆದವರು ಅಮೆರಿಕದ ಮಾರ್ತಾ ಆಶ್ಟನ್. 1970ರ ದಶಕ ಶುರುವಾಗುವ ಹೊತ್ತಿಗೆ ಸಂಶೋಧನೆಗೆಂದು ಈ ಕಡೆಗೆ ಬಂದ ಆಕೆ ಆಟ ನೋಡಿ ಟಿಪ್ಪಣಿ ಬರೆದುಕೊಂಡು ಹಿಂದಿರುಗಲಿಲ್ಲ. ಹಿರಿಯಡ್ಕ ಗೋಪಾಲರಾಯರಲ್ಲಿ ಕಲಿತು ಸ್ವತಃ ಗೆಜ್ಜೆ ಕಟ್ಟಿದರು. ಮಣಿಪಾಲದಿಂದ ಕಾರ್ಕಳದ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಊರು ಹಿರಿಯಡ್ಕ. ಗೋಪಾಲರಾಯರು ಏರುಮದ್ದಳೆಗೆ ಹೆಸರಾದವರು, ಮಂದಾರ್ತಿ ಮೇಳದಲ್ಲಿ ದುಡಿದವರು. ಮೇಳಗಳಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಮಾಡುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಪರದೇಶದ ಹೆಣ್ಣುಮಗಳೊಬ್ಬಳಿಗೆ ಹೆಜ್ಜೆಯ ಮೊದಲ ಪಾಠದಿಂದ ಹೇಳಿಕೊಡಲು ಒಪ್ಪಿದ್ದು ಗುರುವಿನ ದೊಡ್ಡತನ. ಮುಂದೆ ರಾಯರು ಅಮೆರಿಕಕ್ಕೂ ಹೋಗಿ ಶಿಷ್ಯೆಯೊಂದಿಗೆ ಯಕ್ಷಗಾನವನ್ನು ಅಲ್ಲಿಯವರ ಮುಂದಿಟ್ಟರು. ಬ್ರೂಸ್ ಕ್ರಿಸ್ಟಿ ಅವರ ಜೊತೆ ಆಶ್ಟನ್ ಬರೆದ ಯಕ್ಷಗಾನದ ಇಂಗ್ಲಿಷ್ ಪುಸ್ತಕ 1977ರಲ್ಲಿ ಬಂತು. ನೂರು ವರ್ಷ ತುಂಬಿದ್ದ ಗೋಪಾಲರಾಯರು 2020ರಲ್ಲಿ ತೀರಿಕೊಂಡರು.

ಯಕ್ಷಗಾನ ಕೇಂದ್ರ ಹುಟ್ಟಿದ್ದು 1971ರಲ್ಲಿ, ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ. ಕು.ಶಿ. ಹರಿದಾಸ ಭಟ್ಟರ ಉತ್ಸಾಹ, ಶಿವರಾಮ ಕಾರಂತರ ಕಲ್ಪನೆ ಎರಡೂ ಅದರ ಬೆನ್ನಿಗಿದ್ದವು. ಬನ್ನಂಜೆ ಸಂಜೀವ ಸುವರ್ಣರು ಅಲ್ಲಿಯೇ ಕಲಿತು ಅಲ್ಲಿಯೇ ಗುರುಗಳಾದರು. ಜರ್ಮನಿಯ ಕತ್ರಿನ್ ಬಿಂದರ್ ಕುಣಿತ ಕಲಿತದ್ದು ಅವರ ಬಳಿ. ಯಕ್ಷಗಾನದ ಮೇಲೆ ಸಂಶೋಧನೆ ಮಾಡಿದ ಆಕೆ ಕನ್ನಡವನ್ನೂ ಚೆನ್ನಾಗಿ ಮಾತಾಡುತ್ತಾರೆ. ಭಾಗವತರ ಪದ ಅರ್ಥವಾಗದೆ ಅಭಿನಯ ಹುಟ್ಟುವುದಿಲ್ಲ. ಹಾಗಾಗಿ ಇಲ್ಲಿ ಕಾಲಿನ ಜೊತೆಗೆ ನಾಲಿಗೆಯೂ ಪಳಗಬೇಕು.

ಕಲಿಯುವವರಿಗೆ ಈ ಜಿಲ್ಲೆಯಲ್ಲಿ ಇನ್ನೊಂದು ಅನುಕೂಲವಿದೆ. ಉಡುಪಿಯಿಂದ ಉತ್ತರಕ್ಕೆ, ಬ್ರಹ್ಮಾವರ-ಕುಂದಾಪುರದ ಕಡೆಗೆ ಹೋದರೆ ಬಡಗುತಿಟ್ಟು. ದಕ್ಷಿಣಕ್ಕೆ ಕಾಪು, ಕಾರ್ಕಳದ ಕಡೆಗೆ ಹೊರಟರೆ ತೆಂಕುತಿಟ್ಟಿನ ಸೀಮೆ, ಕಟೀಲು ಮೇಳದ ಆಟ. ಹಗಲು ಇಂದ್ರಾಳಿಯಲ್ಲಿ ಬಡಗಿನ ಹೆಜ್ಜೆ ಹಾಕಿ ಹೈರಾಣಾದ ವಿದ್ಯಾರ್ಥಿ ರಾತ್ರಿ ಕಾಪುವಿನ ಬಯಲಲ್ಲಿ ಕೂತರೆ, ಚೆಂಡೆಯ ಪೆಟ್ಟೇ ಬೇರೆ, ಕಿರೀಟವೇ ಬೇರೆ. ಮಂಡಿಯ ಮೇಲೆ ಸುತ್ತುವುದನ್ನು ಕಂಡಿದ್ದ ಕಣ್ಣಿಗೆ ಗಾಳಿಯಲ್ಲಿ ಹಾರಿ ಹಾರಿ ತಿರುಗುವ ದಿಗಿಣ ಕಾಣುತ್ತದೆ. ಒಂದೇ ಕಲೆಯ ಎರಡು ನಡೆಗಳನ್ನು ಇಷ್ಟು ಹತ್ತಿರದಲ್ಲಿ ಹೋಲಿಸಿ ನೋಡುವ ಭಾಗ್ಯ ಎಲ್ಲ ಕಡೆ ಸಿಗುವಂಥದ್ದಲ್ಲ.

ಇಲ್ಲಿಂದ ಹೊರಗೆ ಹೋಗಿ ಕಲಿತವರೂ ಇದ್ದಾರೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿದರು, ಅಲ್ಲೇ ಪಾಠವನ್ನೂ ಹೇಳಿದರು. ಅಷ್ಟಾದ ಮೇಲೆ 1949ರಲ್ಲಿ, ಮೂವತ್ತೆಂಟರ ಹೊತ್ತಿಗೆ, ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್ ಸೇರಿ ಮತ್ತೆ ವಿದ್ಯಾರ್ಥಿಯಾದರು. ಮೇಷ್ಟರಾಗಿದ್ದವರು ಮತ್ತೆ ವಿದ್ಯಾರ್ಥಿಗಳ ನಡುವೆ ಕೂರಲು ಹಿಂಜರಿಯಲಿಲ್ಲ. ಕುಣಿತದ ಲಯ ತಮ್ಮ ಗೆರೆಗೆ ಬರಬೇಕೆಂದು ಕಥಕ್ ಕೂಡ ಕಲಿತರು. ಕುಂಚ ಹಿಡಿದವರಿಗೂ ತಾಳ ಕಾಲಿನಿಂದಲೇ ಹತ್ತಬೇಕಾಯಿತು.

ಇಂದು ಮಣಿಪಾಲದಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಅವರಲ್ಲಿ ಆಸೆಯುಳ್ಳವರಿಗೆ ವಾರದ ಶಿಬಿರ ನಡೆಸಿ, ಕಿರೀಟ ತೊಡಿಸಿ, ಫೋಟೊ ತೆಗೆಸಿ ಕಳಿಸುವುದು ಸುಲಭ. ಅದರಿಂದ ಅವರಿಗೆ ಆಟ ದಕ್ಕುವುದಿಲ್ಲ. ಮಳೆಗಾಲಕ್ಕೆ ಮುನ್ನ ಬರುವ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ; ಮಳೆಗಾಲವಿಡೀ ಕಲಾವಿದರಿಗೆ ತಿರುಗಾಟವಿಲ್ಲ. ಕಲಿಸಲು, ಕಲಿಯಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವುದಿದೆ? ಮೊದಲ ಅವಧಿ ಜೂನ್‌ನಲ್ಲಿ ತೊಡಗಿ ದೀಪಾವಳಿಯವರೆಗೆ ನಡೆಯಲಿ, ಬರೀ ತಾಳ, ಹೆಜ್ಜೆ ಮತ್ತು ಕನ್ನಡಕ್ಕೆ ಮೀಸಲಾಗಿರಲಿ. ದೀಪಾವಳಿ ಕಳೆದು ಮೇಳಗಳು ಮತ್ತೆ ಹೊರಟಾಗ ಆ ವಿದ್ಯಾರ್ಥಿಗಳನ್ನು ಮೊದಲ ವಾರವೇ ಬಯಲಾಟಕ್ಕೆ ಕರೆದೊಯ್ದು, ಭಾಗವತರ ಕೈ ಕಾಣುವಷ್ಟು ಹತ್ತಿರ ಕೂರಿಸಬೇಕು.